ಕ್ವಾರ್ಟರ್ ಲೆಕ್ಕದಿಂದ ಶುರುವಾಗುವ ತರಬೇತಿ

ಕೈಪಿಡಿಯಲ್ಲಿ ಕುಡಿತದ ಅಳತೆ ‘ಡ್ರಿಂಕ್’. ಹಳ್ಳಿಯಲ್ಲಿ ಅದು ಕ್ವಾರ್ಟರ್, ಇಲ್ಲವೇ ನೈಂಟಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸುವಾಗ ಈ ಎರಡು ಲೆಕ್ಕಗಳನ್ನು ಜೋಡಿಸದಿದ್ದರೆ ಮುಂದಿನ ಪಾಠವೆಲ್ಲ ವ್ಯರ್ಥ. ಒಂದು ಡ್ರಿಂಕ್ ಎಂದರೆ ಸುಮಾರು 10 ಗ್ರಾಂ ಮದ್ಯಸಾರ. ನಮ್ಮಲ್ಲಿ ಮಾರುವ ಶೇ 42.8ರ ವಿಸ್ಕಿ, ರಮ್ಮಿನಲ್ಲಿ ಅದು 30 ಮಿ.ಲೀ.ನಲ್ಲಿ ಸಿಗುತ್ತದೆ. 180 ಮಿ.ಲೀ.ನ ಕ್ವಾರ್ಟರ್‌ನಲ್ಲಿ ಆರು ಡ್ರಿಂಕ್. ‘ದಿನಾ ಒಂದs ಕ್ವಾರ್ಟರ್ ರೀ, ಜಾಸ್ತಿ ಏನಿಲ್ಲ’ ಎನ್ನುವ ರೈತನಿಗೆ ಮೊದಲ ಮೂರು ಪ್ರಶ್ನೆಗಳಲ್ಲೇ 10 ಅಂಕ ಬಂದುಬಿಡುತ್ತವೆ. ಎಂಟಕ್ಕೆ ಮುಟ್ಟಿದರೇ ಎಚ್ಚರಿಕೆಯ ಗೆರೆ.

ತುಂಗಭದ್ರೆಯ ಬಯಲಿನ ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ, ದಾದಿಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ವಿಷಯ ಕಲಿಸುತ್ತ ಕೆಲವು ವರ್ಷ ಕಳೆದಿದ್ದೇನೆ. ಕಪ್ಪು ಹಲಗೆಯ ಮೇಲೆ ಕ್ವಾರ್ಟರ್ ಲೆಕ್ಕ ಬರೆದಾಗಲೆಲ್ಲ ಕೋಣೆಯಲ್ಲಿ ಒಂದು ಗುಜುಗುಜು ಏಳುತ್ತದೆ. ಒಬ್ಬೊಬ್ಬರೂ ತಮ್ಮ ಓಣಿಯ ಮನೆಗಳನ್ನು ಮನಸ್ಸಿನಲ್ಲೇ ಎಣಿಸತೊಡಗುತ್ತಾರೆ. ಅಲ್ಲಿಯವರೆಗೆ ‘ಕುಡುಕ’ ಎಂದರೆ ಬಸ್ ನಿಲ್ದಾಣದಲ್ಲಿ ಬಿದ್ದವನು ಮಾತ್ರ. ದಿನವಿಡೀ ದುಡಿದು, ರಾತ್ರಿ ಕುಡಿದು, ಬೆಳಿಗ್ಗೆ ಎತ್ತು ಹೂಡಿಕೊಂಡು ಹೊರಡುವವನು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬೇಗ ಸಹಾಯ ಸಿಕ್ಕರೆ ಸುಲಭವಾಗಿ ಚೇತರಿಸಿಕೊಳ್ಳುವವನು ಅವನೇ.

ಕೊರತೆ ಎಷ್ಟು ದೊಡ್ಡದು ಎಂಬುದಕ್ಕೆ ಎರಡು ಸಮೀಕ್ಷೆಗಳು ಸಾಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆ ಇದ್ದವರಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೆಹಲಿಯ ಏಮ್ಸ್ ಮುನ್ನಡೆಸಿದ ಸಮೀಕ್ಷೆಯ 2019ರ ವರದಿ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಎಂದಿತು. ಇಷ್ಟು ಜನರನ್ನು ಮನೋವೈದ್ಯರೇ ನೋಡಬೇಕೆಂದರೆ ಆಗದ ಮಾತು. ಈ ತಿಳಿವಳಿಕೆ ಕರ್ನಾಟಕಕ್ಕೆ ಹೊಸದೂ ಅಲ್ಲ. ನಿಮ್ಹಾನ್ಸ್ 1975ರ ಹೊತ್ತಿಗೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಕಲಿಸತೊಡಗಿತ್ತು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದಾರಿ ತೋರಿಸಿದ್ದು ನಾವು. ಕುಡಿತದ ವಿಷಯಕ್ಕೆ ಬಂದಾಗ ಆ ದಾರಿಯಲ್ಲಿ ಹಿಂದೆ ಬಿದ್ದವರೂ ನಾವೇ.

ತರಬೇತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಪಾಠ, ಕುಡಿತ ನಿಲ್ಲಿಸಿದ ಮೊದಲ ಮೂರು ದಿನಗಳದ್ದು. ಹಳ್ಳಿಯಲ್ಲಿ ಕುಡಿತ ಬಿಡುವುದಕ್ಕೆ ಒಂದು ಸಂದರ್ಭ ಬೇಕು: ಮಾಲೆ ಹಾಕಿಕೊಳ್ಳುವುದು, ಜಾತ್ರೆಯಲ್ಲಿ ಆಣೆ ಇಡುವುದು, ಮಗಳ ಮದುವೆ, ಕೈಯಲ್ಲಿ ಕಾಸಿಲ್ಲದಿರುವುದು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ನಿಂತರೆ ಕೆಲವೇ ತಾಸುಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆ ಬರುತ್ತದೆ. ಎರಡು, ಮೂರನೆಯ ದಿನದ ಸುಮಾರಿಗೆ ಇನ್ನು ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ ಹುಳುಹುಪ್ಪಟೆ ಗೋಡೆಯ ಮೇಲೆ ಕಾಣುತ್ತವೆ, ಸತ್ತವರ ದನಿ ಕೇಳುತ್ತದೆ. ಮನೆಯವರು ಅದನ್ನು ಗಾಳಿ ಎಂದು ತಿಳಿದು ಮಂತ್ರವಾದಿಯ ಬಳಿ ಒಯ್ಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿಯಲ್ಲಿ ಜೀವ ಹೋಗಬಹುದು. ಡಯಾಜೆಪಾಮ್, ಲೋರಜೆಪಾಮ್‌ನಂಥ ಔಷಧಿಗಳನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತ ಬಂದರೆ ಹೆಚ್ಚಿನವರು ಕ್ಷೇಮವಾಗಿ ದಾಟುತ್ತಾರೆ.

ಆದ್ದರಿಂದ ಆಶಾ ಕಾರ್ಯಕರ್ತೆ ಕೇಳಬೇಕಾದ ಬಹುಮುಖ್ಯ ಪ್ರಶ್ನೆ ಎಷ್ಟು ಕುಡಿಯುತ್ತಾನೆ ಎಂಬುದಲ್ಲ. ‘ಅಣ್ಣಾರ, ಮುಂಜಾನೆ ಎದ್ದಕೂಡ್ಲೆ ಕೈ ನಡಗ್ತಾವೇನ್ರೀ? ಒಂದ್ ಗುಟುಕು ಕುಡುದ್ರ ನಿಲ್ತಾವೇನ್ರೀ?’ ಇದಕ್ಕೆ ಹೌದು ಎಂದವನು, ಹಿಂದೆ ಬಿಟ್ಟಾಗ ಮೂರ್ಛೆ ಬಂದಿದ್ದವನು ಮನೆಯಲ್ಲಿ ಕುಳಿತು ಒಮ್ಮೆಲೇ ಬಿಡಬಾರದು, ಆಸ್ಪತ್ರೆಗೆ ಬರಬೇಕು. ಹತ್ತು ಪ್ರಶ್ನೆ ಮರೆತುಹೋದರೂ ಈ ಎರಡು ನೆನಪಿದ್ದರೆ ಜೀವ ಉಳಿಯುತ್ತದೆ ಎಂದು ಪ್ರತಿ ತಂಡಕ್ಕೂ ಹೇಳುತ್ತ ಬಂದಿದ್ದೇನೆ.

ವೈದ್ಯರಿಗೆ ಒತ್ತಿ ಹೇಳಬೇಕಾದದ್ದು ಬೇರೆ. ಊಟ ಬಿಟ್ಟು ಕುಡಿದು ಸೊರಗಿದವನಿಗೆ ನಮ್ಮ ಕಡೆ ಮೊದಲು ಏರುವುದು ಗ್ಲೂಕೋಸ್ ಬಾಟಲಿ. ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಬರಿದಾಗಿರುವಾಗ ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ಕಣ್ಣಿನ ಚಲನೆ ಏರುಪೇರಾಗುತ್ತದೆ, ನಡಿಗೆ ತೂರಾಡುತ್ತದೆ, ಆಮೇಲೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಥಯಾಮಿನ್ ದುಬಾರಿ ಔಷಧಿಯೇನಲ್ಲ. ಅದು ಮೊದಲು, ಗ್ಲೂಕೋಸ್ ಆಮೇಲೆ.

ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಬಿಡಿಸೋ ಪುಡಿ’ಯ ಮಾತು ಬಾರದ ತರಬೇತಿಯನ್ನು ನಾನು ಕಂಡಿಲ್ಲ. ಗೋಡೆಯ ಮೇಲಿನ ಬರಹ ನೋಡಿ, ಸಂತೆಯಲ್ಲಿ ವಿಚಾರಿಸಿ, ಹೆಂಡತಿಯೋ ತಾಯಿಯೋ ತಂದು ಸಾರಿಗೆ ಹಾಕುತ್ತಾರೆ. ಕೆಲವು ಕಡೆ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿ ಮಾಡಿ ಹಾಕುವುದುಂಟು. ಅದನ್ನು ನುಂಗಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ಸಂಚಕಾರ. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರು ನೋಡಿಕೊಂಡು ಕೊಡಬೇಕಾದ ಔಷಧಿ ಅದು. ಪುಡಿ ಹಾಕಿದ ಹೆಂಗಸನ್ನು ಬೈಯುವ ತರಬೇತುದಾರರನ್ನು ನೋಡಿದ್ದೇನೆ. ಆಕೆಗೆ ಬೇರೆ ಬಾಗಿಲು ತೋರಿಸುವವರು ಊರಿನಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡರೆ ಆಕೆ ಮುಂದಿನ ಮಾತು ಕೇಳುತ್ತಾಳೆ.

ಮಾತಿನ ಪಾಠ ಇನ್ನೂ ಕಷ್ಟದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟು, ಬಳಿಕ ಸ್ಟೀಫನ್ ರಾಲ್‌ನಿಕ್ ಜೊತೆ ಬೆಳೆಸಿದ ಪ್ರೇರಣಾ ಸಂದರ್ಶನ ಪದ್ಧತಿಯ ಸಾರ ಇಷ್ಟು: ಬಿಡಬೇಕೆಂಬ ಕಾರಣ ಕುಡಿಯುವವನ ಬಾಯಿಂದಲೇ ಬರಬೇಕು. ನಮ್ಮ ಆರೋಗ್ಯ ಸಿಬ್ಬಂದಿಗೆ ರೂಢಿಯಾಗಿರುವುದು ಉಪದೇಶ. ‘ಹೆಂಡ್ರು ಮಕ್ಕಳ ಮುಖ ನೋಡಿಯಾದ್ರೂ ಬಿಡಪಾ’ ಎಂದರೆ ಆತ ತಲೆ ಬಗ್ಗಿಸಿ ಹೂಂಗುಟ್ಟುತ್ತಾನೆ, ಸಂಜೆ ಅಂಗಡಿಯ ಮುಂದೆ ನಿಲ್ಲುತ್ತಾನೆ. ‘ಕುಡಿಯೂದ್ರಿಂದ ನಿಮಗ ಏನ್ ಛಲೋ ಅನ್ನಸ್ತದ್ರೀ?’ ಎಂದು ಕೇಳಿದರೆ ಬೆರಗಾಗುತ್ತಾನೆ. ಮೈಕೈ ನೋವು, ನಿದ್ದೆ, ಸಾಲದ ಚಿಂತೆ ಎಲ್ಲ ಹೊರಬರುತ್ತವೆ. ಆಮೇಲೆ ‘ಮತ್ತ ತ್ರಾಸ್ ಏನೈತಿ?’ ಎಂಬ ಪ್ರಶ್ನೆಗೆ ಉತ್ತರ ಪ್ರಾಮಾಣಿಕವಾಗಿರುತ್ತದೆ. ಇದನ್ನು ಸ್ಲೈಡು ತೋರಿಸಿ ಕಲಿಸಲಾಗದು. ಒಬ್ಬರು ಕುಡಿಯುವವರಾಗಿ, ಇನ್ನೊಬ್ಬರು ಕಾರ್ಯಕರ್ತೆಯಾಗಿ ಎದುರುಬದುರು ಕುಳಿತು ಆಡಿ ನೋಡಲೇಬೇಕು. ಹಳ್ಳಿಯ ಇನ್ನೊಂದು ತೊಡಕೆಂದರೆ ಗುಟ್ಟು. ಕಾರ್ಯಕರ್ತೆ ಅದೇ ಊರಿನವಳು, ಹಲವು ಮನೆಗಳಿಗೆ ನೆಂಟಳು. ಕಟ್ಟೆಯ ಮೇಲೆ ಕೇಳಿದರೆ ಸತ್ಯ ಬರುವುದಿಲ್ಲ. ಕೇಳಿದ್ದನ್ನು ನೀರಿನ ನಲ್ಲಿಯ ಹತ್ತಿರ ಆಡಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಮನೋವೈದ್ಯರಲ್ಲದವರು ಇಂಥ ಮಾತುಕತೆ ನಡೆಸಬಲ್ಲರೇ ಎಂಬ ಅನುಮಾನ ಹಲವು ಅಧಿಕಾರಿಗಳಿಗಿದೆ. ನಮ್ಮ ನೆರೆಯ ಗೋವಾದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅಲ್ಲಿನ ‘ಸಂಗಾತ್’ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮಾನಸಿಕ ಆರೋಗ್ಯದಲ್ಲಿ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಹೆಚ್ಚೆಂದರೆ ನಾಲ್ಕು ಭೇಟಿಗಳ ಸಮಾಲೋಚನೆ ನಡೆಸಿತು. ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮೊದಲಾದವರ ಈ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ನಂತರ ನೋಡಿದಾಗ, ಹಿಂದಿನ ಎರಡು ವಾರ ಮದ್ಯ ಮುಟ್ಟದವರು ಸಮಾಲೋಚನೆ ಪಡೆದವರಲ್ಲಿ ಶೇ 42, ಪಡೆಯದವರಲ್ಲಿ ಶೇ 18. ಆ ಸಮಾಲೋಚಕರ ಕೆಲಸವನ್ನು ನಿಯಮಿತವಾಗಿ ನೋಡಿ ತಿದ್ದಲಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಏನು? ಮದ್ಯ ಬಿಟ್ಟವರು ಮತ್ತೆ ಕುಡಿಯುವುದು ಸಾಮಾನ್ಯ; ಮೊದಲ ಕೆಲವು ತಿಂಗಳಲ್ಲಂತೂ ತುಂಬ ಹೆಚ್ಚು. ಸುಗ್ಗಿಯ ದುಡ್ಡು, ಚುನಾವಣೆ, ಸಾವಿನ ಮನೆ, ಹಳೆಯ ಗೆಳೆಯ ಒಂದೊಂದೂ ಕಾದು ಕುಳಿತಿರುತ್ತವೆ. ರಾಜ್ಯ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿದ ಮೇಲೂ ಕುಡಿತ ಬೇರೆ ಬಾಟಲಿಗೆ ದಾಟಿಕೊಂಡಿತು. ಮತ್ತೆ ಕುಡಿದವನನ್ನು ‘ಕೆಟ್ಟ’ ಎಂದು ಕೈಬಿಡದೆ, ಕಾಯಿಲೆ ಮರುಕಳಿಸಿದೆ ಎಂದು ತಿಳಿದು ಮತ್ತೆ ಕರೆತರುವುದನ್ನು ಕಲಿಸಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಅಂಗ, ಶಿಬಿರದ ನಂತರ ಊರಿನಲ್ಲೇ ಕೂಡುವ ನವಜೀವನ ಸಮಿತಿ. ತಮಿಳುನಾಡಿನ ಮಂಜಕ್ಕುಡಿಯಲ್ಲಿ ಶಾಂತಿ ರಂಗನಾಥನ್ ಅವರ ಟಿ.ಟಿ.ಕೆ. ಸಂಸ್ಥೆ ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ದಂತೆ ಶಿಬಿರ ನಡೆಸಿದಾಗಲೂ ಊರಿನವರು ಆತಿಥೇಯರಾಗಿ ಜೊತೆಗೆ ನಿಂತರು. ಚೇತರಿಸಿಕೊಂಡವರನ್ನು ತರಬೇತಿಗೆ ಕರೆದು ಮಾತನಾಡಿಸಿದ ದಿನಗಳಲ್ಲಿ ಉಳಿದ ಯಾವ ಪಾಠಕ್ಕೂ ಸಿಗದಷ್ಟು ಗಮನ ಅವರಿಗೆ ಸಿಕ್ಕಿದೆ.

ತರಬೇತಿಗೆ ಬಂದ ಹೆಂಗಸರ ಮನೆಗಳನ್ನೂ ನೆನೆಯಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬರಾದರೂ ಪಕ್ಕಕ್ಕೆ ಕರೆದು, ‘ಸರ್, ನಮ್ಮ ಮನ್ಯಾಗೂ ಹಿಂಗs ಐತ್ರೀ’ ಎನ್ನುತ್ತಾರೆ. ಗಂಡನ ಏಟು ತಿಂದು, ಕೆನ್ನೆಯ ಗುರುತು ಸೆರಗಿನಲ್ಲಿ ಮುಚ್ಚಿಕೊಂಡು, ಇನ್ನೊಬ್ಬರ ಗಂಡನ ಕುಡಿತ ಬಿಡಿಸುವುದನ್ನು ಕಲಿಯಲು ಬಂದವಳಿಗೆ ನಾವು ಕೊಡುವುದು ಒಂದು ಪೆನ್ನು, ಒಂದು ಪ್ಯಾಡು. ಆಕೆಯ ಮಾತು ಕೇಳುವುದಕ್ಕೆ, ಆಕೆಯ ಸುರಕ್ಷತೆಗೆ ಏನು ಮಾಡಬಹುದೆಂದು ಯೋಚಿಸುವುದಕ್ಕೆ ವೇಳಾಪಟ್ಟಿಯಲ್ಲೇ ಜಾಗ ಬೇಕು.

ಒಂದು ದಿನದ ಕಾರ್ಯಾಗಾರದಲ್ಲಿ ಇದೆಲ್ಲ ಹಿಡಿಯುವುದಿಲ್ಲ. ಒಂದು ಕಡೆ ಉದ್ಘಾಟನೆ, ಸನ್ಮಾನಕ್ಕೇ ಮಧ್ಯಾಹ್ನವಾಗಿ ಚಿಕಿತ್ಸೆಯ ಪಾಠಕ್ಕೆ ಉಳಿದದ್ದು ಊಟದ ನಂತರದ ತೂಕಡಿಕೆಯ ಹೊತ್ತು. ಇದಕ್ಕೆ ಪರಿಹಾರ ಬಲ್ಲವರು ಇದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಆರಂಭಿಸಿದ ‘ಎಕೋ’ ಮಾದರಿಯಲ್ಲಿ ದೂರದ ಊರಿನ ವೈದ್ಯರು ತಮ್ಮ ರೋಗಿಯ ವಿವರವನ್ನು ವಿಡಿಯೊ ಮೂಲಕ ತಜ್ಞರ ಮುಂದಿಟ್ಟು, ಚರ್ಚಿಸಿ, ಕಲಿಯುತ್ತಾರೆ. ನಿಮ್ಹಾನ್ಸ್ ಇದನ್ನು ವ್ಯಸನ ಚಿಕಿತ್ಸೆಯ ತರಬೇತಿಗೆ ಬಳಸಿದೆ. ಭಯದಿಂದ ರೋಗಿಗಳನ್ನು ಜಿಲ್ಲಾಸ್ಪತ್ರೆಗೆ ಸಾಗಹಾಕುತ್ತಿದ್ದ ಯುವ ವೈದ್ಯೆಯೊಬ್ಬರು, ಫೋನಿನಲ್ಲಿ ಕೇಳಲು ಒಬ್ಬರಿದ್ದಾರೆ ಎಂದಾದ ಮೇಲೆ ತಮ್ಮ ಕೇಂದ್ರದಲ್ಲೇ ಸಾಧಾರಣ ಪ್ರಕರಣಗಳನ್ನು ನೋಡತೊಡಗಿದ್ದನ್ನು ಕಂಡಿದ್ದೇನೆ. ಆಕೆಯ ಓದು ಮೊದಲಿನಷ್ಟೇ ಇತ್ತು, ಧೈರ್ಯ ಹೆಚ್ಚಿತ್ತು.

ತಾಲ್ಲೂಕಿನ ಆರೋಗ್ಯಾಧಿಕಾರಿಗಳಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ಕೇಳಿಕೊಳ್ಳುವುದಿಷ್ಟೆ. ವರ್ಷಕ್ಕೊಂದು ದೊಡ್ಡ ಸಭೆ ಮಾಡುವ ಹಣದಲ್ಲಿ ತಿಂಗಳಿಗೊಮ್ಮೆ ಹತ್ತಿಪ್ಪತ್ತು ಜನರನ್ನು ಕೂಡಿಸಿ, ಅವರು ನೋಡಿದ ರೋಗಿಗಳ ಬಗ್ಗೆಯೇ ಮಾತನಾಡಿಸಿ. ಪ್ರತಿ ಆರೋಗ್ಯ ಕೇಂದ್ರದಲ್ಲಿ ಥಯಾಮಿನ್ ಇದೆಯೇ ಎಂದು ಈ ವಾರವೇ ನೋಡಿ. ಮನೆಯಲ್ಲಿ ಕುಡಿತದ ತೊಂದರೆ ಇರುವವರು ಅಲ್ಲಿಯವರೆಗೂ ಕಾಯಬೇಕಿಲ್ಲ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಟೆಲಿ ಮನಸ್ 14416. ಎರಡಕ್ಕೂ ಕರೆ ಉಚಿತ, ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು.