ಕಾವಲು ನಾಯಿಗೆ ಹುಚ್ಚುನಾಯಿ ಕಚ್ಚಿದರೆ

ತೋಟ ಕಾಯುವ ನಿಮ್ಮ ನಾಯಿಗೆ ಹುಚ್ಚುನಾಯಿ ಕಚ್ಚಿದರೆ, ಗಾಯ ಸಣ್ಣದೆಂದು ಅಲಕ್ಷಿಸಬೇಡಿರಿ. ಜೊಲ್ಲಿನಲ್ಲಿರುವ ರೋಗಾಣು ನರಗಳ ಮೂಲಕ ಮಿದುಳು ಸೇರುತ್ತದೆ. ರೋಗಲಕ್ಷಣ ಕಂಡ ಮೇಲೆ ಚಿಕಿತ್ಸೆಯಿಲ್ಲ.

ಮೊದಲು ನಾಯಿಯನ್ನು ಕಟ್ಟಿಹಾಕಿ, ಮೂತಿಗೆ ಬಟ್ಟೆಪಟ್ಟಿ ಬಿಗಿಯಿರಿ. ರಬ್ಬರ್ ಕೈಗವಸು ಧರಿಸಿ, ಗಾಯವನ್ನು ಸೋಪು ಹಚ್ಚಿ ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಬಳಿಕ ಪೊವಿಡೋನ್ ಅಯೋಡಿನ್ ಹಚ್ಚಿರಿ. ಸುಣ್ಣ, ಖಾರದಪುಡಿ, ಎಕ್ಕದ ಹಾಲು ಹಚ್ಚಬಾರದು, ಬರೆ ಹಾಕಬಾರದು.

ಅದೇ ದಿನ ಪಶುವೈದ್ಯರಿಂದ ಲಸಿಕೆ ಹಾಕಿಸಿರಿ. ಅಲ್ಲಿಂದ 3, 7, 14 ಮತ್ತು 28ನೆಯ ದಿನಗಳಲ್ಲೂ ತಪ್ಪದೆ ಹಾಕಿಸಬೇಕು. ನಾಯಿಯನ್ನು ಮಕ್ಕಳಿಂದಲೂ ದನಕರುಗಳಿಂದಲೂ ದೂರವಿಡಿರಿ. ಅದರ ಜೊಲ್ಲು ನಿಮ್ಮ ತರಚುಗಾಯಕ್ಕೆ ತಾಗಿದ್ದರೆ ನೀವೂ ಹಾಗೆಯೇ ತೊಳೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿರಿ.

ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸುವುದೇ ಜಾಣತನ.