ಹಾವು ಕಡಿತದ ತುರ್ತು ಚಿಕಿತ್ಸೆಗೆ ದೂರದ ತಜ್ಞರ ನೆರವು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದವು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆ ಕುಂಟುತ್ತದೆ. ಗ್ರಾಮೀಣ ಭಾಗದ ತುರ್ತು ಚಿಕಿತ್ಸೆಯಲ್ಲಿ ಹಲವು ವೇಳೆ ದುರ್ಬಲವಾಗುವುದು ಮೊದಲನೆಯ ಪಾದವೇ. ವೈದ್ಯರಿಗೆ ವಿದ್ಯೆ ಇಲ್ಲವೆಂದಲ್ಲ. ರಾತ್ರಿಪಾಳಿಯಲ್ಲಿ ಅವರು ಒಬ್ಬಂಟಿಗರು, ಸಂದೇಹ ಬಂದರೆ ಕೇಳಲು ಪಕ್ಕದಲ್ಲಿ ಹಿರಿಯರಿಲ್ಲ. ವಿಡಿಯೋ ಮೂಲಕ ಒದಗುವ ತಜ್ಞರ ನೆರವು ಈ ಕೊರತೆಯನ್ನು ಹೇಗೆ ತುಂಬಬಲ್ಲದೆಂಬುದನ್ನು ಹಾವು ಕಡಿತದ ಉದಾಹರಣೆಯಿಂದ ತಿಳಿಯೋಣ.

ನಾವು ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ, ಹಾವು ಕಚ್ಚಿದವರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ದಾರಿಯಲ್ಲೇ ಕಳೆದುಕೊಂಡದ್ದುಂಟು. ಮೊದಲ ಆಸ್ಪತ್ರೆಯಲ್ಲಿಯೇ ಪ್ರತಿವಿಷವಿತ್ತು. ಕೊಡುವ ಧೈರ್ಯ ಸಾಲಲಿಲ್ಲ. ಆ ವೈದ್ಯರನ್ನು ದೂರಲಾರೆವು. ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷವು ಕೆಲವರಲ್ಲಿ ತೀವ್ರ ಅಲರ್ಜಿಯನ್ನುಂಟುಮಾಡುತ್ತದೆ. ಆ ಭಯವೇ ಕೈ ತಡೆಯುತ್ತದೆ.

ಇಂತಹ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರು ತೆರೆಯ ಮೇಲೆ ರೋಗಿಯನ್ನು ಕಾಣುವಂತಾದರೆ ಸ್ಥಿತಿ ಬದಲಾಗುತ್ತದೆ. ರೆಪ್ಪೆ ಜೋಲುತ್ತಿದೆಯೇ, ಕತ್ತು ಎತ್ತಲಾಗುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂಬುದನ್ನು ದೂರವಾಣಿಯ ವರ್ಣನೆಗಿಂತ ಕಣ್ಣೇ ಚೆನ್ನಾಗಿ ಗ್ರಹಿಸುತ್ತದೆ. ಇವು ನಾಗರಹಾವು ಅಥವಾ ಕಟ್ಟುಹಾವಿನ ವಿಷದ ಲಕ್ಷಣಗಳು. ಒಣಗಿದ ಗಾಜಿನ ನಳಿಕೆಯಲ್ಲಿಟ್ಟ ರಕ್ತವು 20 ನಿಮಿಷ ಕಳೆದರೂ ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂತಹ ಹಾವಿನ ವಿಷವೆಂದು ಶಂಕಿಸಬೇಕು. ಇವನ್ನು ನೋಡಿ ತಜ್ಞರು, “ಅಡ್ರಿನಲಿನ್ ಸಿದ್ಧವಿಟ್ಟುಕೊಂಡು ಪ್ರತಿವಿಷ ಆರಂಭಿಸಿ, ನಾವು ನೋಡುತ್ತಿರುತ್ತೇವೆ” ಎಂದರೆ ಕಿರಿಯ ವೈದ್ಯರ ಕೈಗೆ ಬಲ ಬರುತ್ತದೆ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣದ ಪ್ರತಿವಿಷ ಬೇಕು. ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಇಂತಹ ಸಂದೇಹಗಳೂ ಕ್ಷಣದಲ್ಲಿ ಪರಿಹಾರವಾಗುತ್ತವೆ.

ದೂರವೈದ್ಯಕೀಯವು ನಮ್ಮ ನಾಡಿಗೆ ಹೊಸದಲ್ಲ. 2002ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಅಂದು ಉಪಗ್ರಹ ಬೇಕಾಗಿದ್ದ ಕಾರ್ಯಕ್ಕೆ ಇಂದು ಮೊಬೈಲ್ ಸಾಕು.

ಆದರೆ ತೆರೆಯು ಸೂಜಿ ಚುಚ್ಚಲಾರದು, ಉಸಿರು ನಿಂತವರಿಗೆ ನಳಿಕೆ ಹಾಕಲಾರದು. ಅದು ಮೊದಲ ಪಾದಕ್ಕೆ ಊರುಗೋಲು ಮಾತ್ರ. ಪ್ರತಿವಿಷದ ದಾಸ್ತಾನು, ನುರಿತ ದಾದಿಯರು, ನಿಲ್ಲದ ವಿದ್ಯುತ್ತು ಇರಲೇಬೇಕು.

ನಾಲ್ಕನೆಯ ಪಾದ ಸದ್ಭಕ್ತರಾದ ತಮ್ಮದು. ಸುಶ್ರುತಸಂಹಿತೆಯಲ್ಲಿ ಕಡಿತದ ಮೇಲ್ಭಾಗವನ್ನು ಬಿಗಿದು ಕಟ್ಟುವ, ಗಾಯವನ್ನು ಕೊಯ್ಯುವ ವಿಧಾನಗಳಿವೆ. ಅವು ಪ್ರತಿವಿಷವಿಲ್ಲದ ಕಾಲದವು. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಇಂದು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಬೇರು, ಮಂತ್ರಗಳಿಗಾಗಿ ಹೊತ್ತು ಕಳೆಯಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, 108ಕ್ಕೆ ಕರೆ ಮಾಡಿ ಪ್ರತಿವಿಷವಿರುವ ಸಮೀಪದ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿಯಲು ಹೋಗದೆ, ಕಚ್ಚಿದ ಸಮಯವನ್ನು ನೆನಪಿಟ್ಟುಕೊಳ್ಳಿ. ತಮ್ಮ ಊರಿಗೆ ಹತ್ತಿರದಲ್ಲಿ ಪ್ರತಿವಿಷ ಎಲ್ಲಿ ದೊರೆಯುತ್ತದೆಂಬುದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿ. ರೋಗಿಯು ಸಕಾಲದಲ್ಲಿ ಆಸ್ಪತ್ರೆಯ ಬಾಗಿಲು ತಲುಪಿದರೆ ಮಾತ್ರ ದೂರದ ತಜ್ಞರ ಕಣ್ಣು ಪ್ರಯೋಜನಕ್ಕೆ ಬಂದೀತು.