ಬಿದ್ದವರನ್ನು ಎತ್ತುವ ಮುನ್ನ

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ಕಡೆ ಹೋದರೂ ತೆಂಗಿನ ತೋಟ. ಮರ ಹತ್ತುವವರು ನಮ್ಮ ಗಂಡಂದಿರು, ಅಣ್ಣತಮ್ಮಂದಿರು, ಮಕ್ಕಳು. ಕಾಯಿ ಆಯುವವರು, ಹೊರುವವರು, ಅಟ್ಟಕ್ಕೆ ಏರಿಸುವವರು ನಾವು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಬೇಕು. ಏಣಿ ಹತ್ತಿ ಇಳಿಯುವುದು ನಮಗೂ ತಪ್ಪಿದ್ದಲ್ಲ.

ಮರದಿಂದ ಬೀಳುವವರು ಇದ್ದಾರೆ. ಅಟ್ಟದ ಏಣಿಯಿಂದ ಬೀಳುವವರೂ ಇದ್ದಾರೆ. ಬಿದ್ದಾಗ ಕೆಲವರಿಗೆ ಬೆನ್ನುಮೂಳೆ ಮುರಿಯುತ್ತದೆ. "ಸೊಂಟ ಮುರೀತು, ಇನ್ನೇನು, ಮೂಲೆ ಸೇರಿದ ಹಾಗೇ" ಅಂತೀವಿ. ಆ ಮಾತು ಈಗ ಪೂರ್ತಿ ನಿಜವಲ್ಲ. ಇಂದು ಒಳ್ಳೆಯ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆ ಫಲ ಕೊಡಬೇಕಾದರೆ ಮೊದಲ ಕೆಲಸ ನಮ್ಮ ಕೈಯಲ್ಲೇ ಇದೆ.

ಬೆನ್ನುಮೂಳೆ ಹೇಗಿದೆ?

ಬೆನ್ನುಮೂಳೆ ಒಂದೇ ಕೋಲಲ್ಲ. ಒಂದರ ಮೇಲೊಂದು ಜೋಡಿಸಿದ ಮೂಳೆಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಒಟ್ಟು 24. ಅದರ ಕೆಳಗೆ ಕೂಡಿಕೊಂಡ ಮೂಳೆಗಳಿವೆ. ಈ ಸಾಲಿನ ಒಳಗೆ ಒಂದು ಕೊಳವೆ ಇದೆ. ಕೊಳವೆಯಲ್ಲಿ ಬೆನ್ನುಹುರಿ ಇದೆ. ಕೈಕಾಲು ಆಡುವುದು, ಮುಟ್ಟಿದ್ದು ತಿಳಿಯುವುದು, ಮೂತ್ರ ತಡೆಯುವುದು, ಎಲ್ಲಕ್ಕೂ ಈ ಹುರಿಯೇ ದಾರಿ.

ಮುರಿದ ಮೂಳೆ ಕೂಡುತ್ತದೆ. ಆದರೆ ಹುರಿ ತುಂಡಾದರೆ ಅದನ್ನು ಮತ್ತೆ ಕೂಡಿಸಲು ಯಾವ ಡಾಕ್ಟರಿಗೂ ಇಂದಿಗೂ ಆಗಿಲ್ಲ. ಇದನ್ನು ಚೆನ್ನಾಗಿ ನೆನಪಿಡೋಣ.

ನಾವು ಮಾಡುವ ತಪ್ಪು

ಯಾರಾದರೂ ಬಿದ್ದರೆ ನಾವು ಏನು ಮಾಡುತ್ತೇವೆ? "ಅಯ್ಯೋ, ಎತ್ರಪ್ಪಾ, ಕೂರಿಸ್ರಪ್ಪಾ, ನೀರು ಕುಡಿಸ್ರಪ್ಪಾ" ಅಂತ ಕೂಗುತ್ತೇವೆ. ಒಬ್ಬರು ಕೈ ಹಿಡಿಯುತ್ತಾರೆ, ಒಬ್ಬರು ಕಾಲು ಹಿಡಿಯುತ್ತಾರೆ. ಸೊಂಟ ಜೋಲಿಯ ಹಾಗೆ ಬಗ್ಗುತ್ತದೆ. ಆಮೇಲೆ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಮುರಿದ ಮೂಳೆಯ ಚೂರು ಜರುಗಿ ಹುರಿಗೆ ಒತ್ತಬಹುದು. ಬಿದ್ದಾಗ ಆಡುತ್ತಿದ್ದ ಕಾಲು, ಎತ್ತಿದ ಮೇಲೆ ನಿಂತುಹೋಗಬಹುದು.

ಹಾಗಾದರೆ ಏನು ಮಾಡಬೇಕು?

1. ಬಿದ್ದವರನ್ನು ಅಲ್ಲೇ ಮಲಗಿರಲು ಬಿಡಿ. ಕೂರಿಸಬೇಡಿ, ನಿಲ್ಲಿಸಬೇಡಿ. ತಲೆ ಅಲ್ಲಾಡದಂತೆ ಒಬ್ಬರು ಎರಡೂ ಕೈಯಲ್ಲಿ ಹಿಡಿದಿರಿ.
2. 108ಕ್ಕೆ ಫೋನ್ ಮಾಡಿ. ಈ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಾಗಿಲ್ಲ. "ಮರದಿಂದ ಬಿದ್ದಿದ್ದಾರೆ, ಬೆನ್ನಿಗೆ ಪೆಟ್ಟಾಗಿದೆ" ಅಂತ ಹೇಳಿ. ಊರು, ತೋಟ, ದಾರಿ ಹೇಳಿ.
3. "ಕಾಲ್ಬೆರಳು ಆಡಿಸಣ್ಣ, ಮುಟ್ಟಿದ್ದು ಗೊತ್ತಾಗುತ್ತಾ?" ಅಂತ ಕೇಳಿ. ಉತ್ತರವನ್ನು ಡಾಕ್ಟರಿಗೆ ತಿಳಿಸಿ.
4. ಎಣ್ಣೆ ಹಚ್ಚಿ ತಿಕ್ಕಬೇಡಿ. ಉಳುಕು ತೆಗೆಸಬೇಡಿ. ನೀರು, ಊಟ ಕೊಡಬೇಡಿ.
5. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ. ತಲೆ, ಭುಜ, ಸೊಂಟ, ಕಾಲು ಒಂದೇ ಗೆರೆಯಲ್ಲಿ ಇರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಅಗಲವಾದ ಹಲಗೆಯನ್ನೋ ಹಳೇ ಬಾಗಿಲನ್ನೋ ಬೆನ್ನಿಗೆ ಕೊಟ್ಟು, ಹಾಗೇ ಮಲಗಿಸಿ ಸಾಗಿಸಿ.

ಆಸ್ಪತ್ರೆಯಲ್ಲಿ

ನಮ್ಮ ಮೂರೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿಗೋ ಕಳಿಸಬಹುದು. ಬೆಂಗಳೂರಿನಲ್ಲಿ ಮೂಳೆ ಮುರಿತಕ್ಕೆ ಸಂಜಯ ಗಾಂಧಿ ಆಸ್ಪತ್ರೆ ಇದೆ. ಮಿದುಳು, ನರಗಳಿಗೆ ನಿಮ್ಹಾನ್ಸ್ ಇದೆ.

ಮೊದಲು ಎಕ್ಸ್‌ರೇ, ಸ್ಕ್ಯಾನ್ ಮಾಡುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಮೂಳೆ ಸ್ವಲ್ಪ ಜಜ್ಜಿದ್ದು ಗಟ್ಟಿಯಾಗಿ ನಿಂತಿದ್ದರೆ ಸೊಂಟದ ಪಟ್ಟಿ, ಮಾತ್ರೆ, ವಿಶ್ರಾಂತಿ ಸಾಕಾಗಬಹುದು. ಮೂಳೆ ಜರುಗುವಂತಿದ್ದರೆ ಆಪರೇಷನ್ ಹೇಳುತ್ತಾರೆ.

ಬೆನ್ನನ್ನು ಗೇಣುದ್ದ ಕೊಯ್ದು, ಮೂಳೆಗೆ ಅಂಟಿದ ಮಾಂಸಖಂಡ ಬಿಡಿಸಿ ಮಾಡುವ ಆಪರೇಷನ್ ಒಂದು ಬಗೆ. ಸಣ್ಣ ಗಾಯದ ಆಪರೇಷನ್ ಇನ್ನೊಂದು ಬಗೆ. ಇದರಲ್ಲಿ ಬೆರಳಗಲದ ಕೆಲವು ಗಾಯ ಮಾತ್ರ ಮಾಡುತ್ತಾರೆ. ಎಕ್ಸ್‌ರೇ ಯಂತ್ರ ಒಳಗಿನ ಮೂಳೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ನೋಡುತ್ತಾ ಮುರಿದ ಮೂಳೆಯ ಮೇಲಿನದಕ್ಕೂ ಕೆಳಗಿನದಕ್ಕೂ ಸ್ಕ್ರೂ ಹಾಕುತ್ತಾರೆ. ಚರ್ಮದ ಅಡಿಯಲ್ಲೇ ಸಣ್ಣ ಸರಳು ತೂರಿಸಿ ಬಿಗಿಯುತ್ತಾರೆ. ಗೊನೆ ಬಿಟ್ಟ ಬಾಳೆಗೆ ಕೋಲಿನ ಆಸರೆ ಕೊಟ್ಟ ಹಾಗೆ. ಇದರಲ್ಲಿ ರಕ್ತ ಹೋಗುವುದು ಕಡಿಮೆ, ನೋವು ಕಡಿಮೆ. ಸಾಮಾನ್ಯವಾಗಿ ಬೇಗ ಎದ್ದು ಓಡಾಡಬಹುದು.

ಆದರೆ ಇದು ಎಲ್ಲ ಮುರಿತಕ್ಕೂ ಆಗುವುದಿಲ್ಲ. ಹುರಿಗೆ ಮೂಳೆ ಒತ್ತಿದ್ದರೆ ದೊಡ್ಡ ಗಾಯ ಮಾಡಿಯೇ ಬಿಡಿಸಬೇಕಾಗಬಹುದು. ಹುರಿ ಆಗಲೇ ಹಾಳಾಗಿದ್ದರೆ ಗಾಯ ಸಣ್ಣದಾದರೂ ದೊಡ್ಡದಾದರೂ ಕಾಲಿಗೆ ಬಲ ಬರುವುದು ಕಷ್ಟ. ಅದಕ್ಕೇ ಎತ್ತುವ ಮುನ್ನ ಎಚ್ಚರ ಅಂದದ್ದು.

ಅವ್ವನ ಬೆನ್ನುನೋವು

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ತೆಳುವಾಗುತ್ತಾ ಬರುತ್ತದೆ. ಆಗ ಮರದಿಂದ ಬೀಳಬೇಕಿಲ್ಲ. ಬಚ್ಚಲಲ್ಲಿ ಜಾರಿದರೂ, ಕೊಡ ಎತ್ತಿದರೂ ಬೆನ್ನುಮೂಳೆ ಕುಸಿಯಬಹುದು. ಬೆನ್ನು ಗೂನಾಗುತ್ತದೆ. "ವಯಸ್ಸಾಯ್ತು ಕಣವ್ವ" ಅಂತ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಪಟ್ಟಿ, ಮಾತ್ರೆಯಿಂದ ಹಲವರಿಗೆ ನೋವು ಇಳಿಯುತ್ತದೆ. ಇಳಿಯದಿದ್ದರೆ ಕೆಲವರಿಗೆ ಸೂಜಿಯ ಮೂಲಕ ಮೂಳೆಯೊಳಗೆ ಒಂದು ಬಗೆಯ ಸಿಮೆಂಟು ತುಂಬುತ್ತಾರೆ. ಇದು ಮನೆ ಕಟ್ಟುವ ಸಿಮೆಂಟಲ್ಲ, ಮೂಳೆಗೆಂದೇ ಮಾಡಿದ್ದು. ಈ ವಿಧಾನ 1984ರಲ್ಲಿ ಫ್ರಾನ್ಸ್ ದೇಶದಲ್ಲಿ ಮೊದಲಾಯಿತು. ಇದೂ ಎಲ್ಲರಿಗೂ ಬೇಕಾದದ್ದಲ್ಲ. ರಾಗಿ, ಹಾಲು, ಸೊಪ್ಪು ತಿನ್ನುವುದು, ಬಿಸಿಲಲ್ಲಿ ಓಡಾಡುವುದು ಮೂಳೆಗೆ ಒಳ್ಳೆಯದು.

ದುಡ್ಡಿನ ಚಿಂತೆ

2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಂತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಒಂದೇ ಕಡೆ ಇಟ್ಟಿರಿ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ. ಬಿದ್ದ ಮೇಲೆ ಮಾಡಿಸಲು ಬರುವುದಿಲ್ಲ, ಮೊದಲೇ ವಿಚಾರಿಸಿ.

ಓದಿ ಸಹಿ ಹಾಕೋಣ

ಆಪರೇಷನ್‌ಗೆ ಮೊದಲು ಮನೆಯವರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಗಾಬರಿಯಲ್ಲಿ ಹೆಬ್ಬೆಟ್ಟು ಒತ್ತಿ ಬರುವ ಕಾಲ ಹೋಯಿತು. ಈಗ ನಮಗೆ ಓದು ಬಂದಿದೆ. ಕನ್ನಡದಲ್ಲಿರುವ ಪತ್ರ ಕೇಳಿ. ನಿಧಾನವಾಗಿ ಓದಿ. ಹೀಗೆ ಕೇಳಿ: "ಸ್ವಾಮಿ, ಆಪರೇಷನ್ ಮಾಡದಿದ್ದರೆ ಏನಾಗುತ್ತೆ? ಸಣ್ಣ ಗಾಯದಲ್ಲಿ ಆಗುತ್ತಾ? ಹುರಿ ಉಳಿದಿದೆಯಾ? ಎಷ್ಟು ದಿನಕ್ಕೆ ಏಳಬಹುದು?" ಕೇಳುವುದು ನಮ್ಮ ಹಕ್ಕು.

ಮಾತಾಡಿ, ಬರೆಯಿರಿ

1. ಬಿದ್ದವರನ್ನು ಕೂಡಲೇ ಯಾಕೆ ಕೂರಿಸಬಾರದು?
2. ನಿಮ್ಮ ಮನೆಯ ಅಟ್ಟದ ಏಣಿ ಗಟ್ಟಿಯಾಗಿದೆಯೇ? ಇಂದೇ ನೋಡಿ.
3. ನಿಮ್ಮ ತೋಟಕ್ಕೆ ಆಂಬುಲೆನ್ಸ್ ಬರುವ ದಾರಿಯನ್ನು ಮೂರು ಸಾಲಿನಲ್ಲಿ ಬರೆಯಿರಿ.
4. ಸೀಮೆಸುಣ್ಣ ತೆಗೆದುಕೊಳ್ಳಿ. ಮನೆಯ ಬಾಗಿಲ ಹಿಂದೆ ನಿಮ್ಮ ಕೈಯಾರೆ ದೊಡ್ಡದಾಗಿ ಬರೆಯಿರಿ: 108.